ಹೊಸ್ತಿಲ ಮೊಸರು

ಪ್ರಥಮನಿಗೆ ಹದಿನಾಲ್ಕು ತಿಂಗಳು. ಅದರಲ್ಲಿ ಎಂಟು ತಿಂಗಳಿಂದ ಅವನ ಕಿವಿ ಸೋರುತ್ತಿದೆ. ಜ್ವರ, ಔಷಧ, ಹತ್ತು ದಿನ ಆರಾಮ, ಮತ್ತೆ ದಿಂಬಿನ ಮೇಲೆ ಹಳದಿ ಕಲೆ. ಗುಡ್ನಾಪುರದ ಅವರ ಓಣಿಯಲ್ಲಿ ಬಾಯಿ ಇದ್ದವರೆಲ್ಲ ಕಿವಿಯ ಡಾಕ್ಟರರೇ. ಮಲಗಿಸಿ ಹಾಲು ಕುಡಿಸಿದ್ದಕ್ಕೆ ಹೀಗಾಯಿತು, ತಲೆಗೆ ಕುಂಚಿಗೆ ಕಟ್ಟದ್ದಕ್ಕೆ ಆಯಿತು, ತಾಯಿ ಮೊಸರು ತಿಂದದ್ದಕ್ಕೆ ಆಯಿತು. ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಶಿವರಂಜನಿಯ ತಲೆಯ ಮೇಲೆಯೇ. ಕೂಸಿನ ಅಪ್ಪನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಅತ್ತೆ ಗೌರಕ್ಕ ಸೊಸೆಯ ತಟ್ಟೆಯಿಂದ ಮೊಸರು ತೆಗೆದದ್ದು ಆಗಲೇ. "ಎದಿಹಾಲು ಥಂಡಿ ಆಗ್ತದವಾ, ಕೂಸಿನ ಕಿವಿಗೆ ಇಳೀತದ" ಎಂದಳು. ಶಿವರಂಜನಿ ಎಂಟು ತಿಂಗಳು ಬರೀ ಸಾರು-ಅನ್ನ ಉಂಡಳು. ಕಿವಿ ಸೋರುವುದು ಸೋರುತ್ತಲೇ ಇತ್ತು.

ಹುಬ್ಬಳ್ಳಿಯ ಡಾಕ್ಟರು ಕಿವಿಯ ಪರದೆಯ ಹಿಂದೆ ನೀರು ತುಂಬಿದೆ ಎಂದರು. ಪರದೆಗೆ ಸಣ್ಣ ಕೊಳವೆ ಕೂಡಿಸಬೇಕು, ತಡ ಮಾಡಿದರೆ ಕೇಳುವುದೂ ಮಾತೂ ಹಿಂದೆ ಬೀಳುತ್ತವೆ, ಕಿವಿಗೆ ಏನೂ ಹಾಕಬೇಡಿ ಎಂದರು. ಕೇಳುವುದು ಹಿಂದೆ ಬಿದ್ದದ್ದು ಶಿವರಂಜನಿಗೆ ಗೊತ್ತಿದ್ದದ್ದೇ. ಹಿಂದಿನಿಂದ ಕರೆದರೆ ಕೂಸು ತಿರುಗುತ್ತಿರಲಿಲ್ಲ. 'ಅವ್ವ' ಎಂದು ಒಮ್ಮೆಯೂ ಅಂದಿರಲಿಲ್ಲ. ಆದರೆ ಊರಿಗೆ ಮರಳಿದ ಮರುದಿನವೇ ಗೌರಕ್ಕ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಬಟ್ಟಲು ಹಿಡಿದು, ಕೂಸಿನ ಕಿವಿಗೆ ಬಿಡಲು ಬಚ್ಚಲಿಗೆ ಬಂದಳು. ಶಿವರಂಜನಿ ಬಟ್ಟಲು ಕಸಿದುಕೊಂಡು ಹಿತ್ತಲಿಗೆ ಎಸೆದಳು.

ಅಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ಅಡಿಗೆಮನೆ ಒಂದೇ, ಒಲೆ ಒಂದೇ, ಆದರೆ ಮಾತೆಲ್ಲ ಗಂಡ ಆನಂದನ ಮುಖಾಂತರ. "ನಿಮ್ಮವ್ವಗ ಹೇಳ್ರಿ." "ನಿನ್ನ ಹೇಣ್ತಿಗೆ ಹೇಳಪಾ." ಬನವಾಸಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಆನಂದ, ಬಂದವರಿಗೆಲ್ಲ ಹೂಂ ಎಂದು ರೂಢಿಯಾದ ಮನುಷ್ಯ. ಆಕಡೆಯ ಮಾತಿನಲ್ಲಿ ಅರ್ಧ ನುಂಗಿ, ಈಕಡೆಯದರಲ್ಲಿ ಅರ್ಧ ನುಂಗಿ, ಮನೆಯಲ್ಲಿ ಶಾಂತಿ ಇದೆ ಎಂದುಕೊಂಡು ಏಳು ವಾರ ನಡೆಸಿದ.

ಆಪರೇಶನ್ನಿನ ದಿನ ಗೊತ್ತಾದಾಗ ಶಿವರಂಜನಿ ಅವನನ್ನು ಎದುರು ಕೂಡಿಸಿಕೊಂಡು ಹೇಳಿದಳು. ಬೆಳಿಗ್ಗೆ ಐದಕ್ಕೆ ಎದೆಹಾಲು, ಅದರ ಮೇಲೆ ಏನೂ ಕೊಡುವಂತಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದು, ಅರಿವಳಿಕೆಯ ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೂಸು ಉಳಿಯುವುದಿಲ್ಲ. "ಇದನ್ನ ಹಿಂಗ ಬಿಡಿಸಿ ನಿಮ್ಮವ್ವಗ ಹೇಳ್ರಿ." ಆನಂದ ಹೂಂ ಎಂದ.

ಆ ದಿನ ಐದೂವರೆಗೆ ಹೊರಟರು. ಹುಬ್ಬಳ್ಳಿ ಮುಟ್ಟುವವರೆಗೂ ಕೂಸು ಹಾಲಿಗಾಗಿ ಆಕೆಯ ಸೆರಗು ಎಳೆದು ಎಳೆದು ಅತ್ತಿತು. ಎದೆ ತುಂಬಿ ರವಿಕೆ ತೊಯ್ದರೂ ಶಿವರಂಜನಿ ಕೊಡಲಿಲ್ಲ. ಹಲ್ಲು ಕಚ್ಚಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಆನಂದ ದಾರಿಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದ.

ಆಸ್ಪತ್ರೆಯಲ್ಲಿ ಸಿಸ್ಟರು ಕೂಸಿಗೆ ಹಸಿರು ಅಂಗಿ ತೊಡಿಸಿ ಕೇಳಿದಳು, "ಏನಾದ್ರೂ ಕೊಟ್ಟೀರೇನ್ರಿ?"

"ಐದಕ್ಕ ಎದಿಹಾಲು, ಅಷ್ಟ" ಎಂದಳು ಶಿವರಂಜನಿ.

"ಏನೂ ಇಲ್ರಿ" ಎಂದ ಆನಂದನೂ.

ಅವನು ಬಿಲ್ಲಿನ ಕಿಟಕಿಗೆ ಹೋದಾಗ, ಆಕೆಯ ಕೈಯಲ್ಲಿ ಬಿಟ್ಟು ಹೋದ ಅವನ ಫೋನು ಹೊಡೆದುಕೊಂಡಿತು. ಗೌರಕ್ಕ. ಏಳು ವಾರದ ಮೇಲೆ ಮೊದಲ ಸಲ ಅತ್ತೆಯ ದನಿ ನೇರ ಕಿವಿಗೆ ಬಿತ್ತು.

"ಆನಂದಾ, ಮೊಸರು ಕೂಸಿಗೆ ದಕ್ಕೀತೇನೋ? ದಾರ್‍ಯಾಗ ವಾಂತಿ ಏನು ಮಾಡ್ಲಿಲ್ಲಲ್ಲ?"

"ಯಾವ ಮೊಸರು?"

ಅತ್ತಕಡೆ ಗೌರಕ್ಕ ತಡವರಿಸಿದಳು. "ನೀನೇನವಾ... ಹೊಸ್ತಿಲ ದಾಟಾಗ ಬಾಯಿಗೆ ಹಚ್ಚಿದ್ನಲ್ಲ. ಮೊಸರು-ಸಕ್ರಿ, ಒಳ್ಳೇದಾಗ್ಲಿ ಅಂತ. ಬರಿ ಹೊಟ್ಟೀಲೆ ಹೊರಗ ಕಳಸ್ತಾರೇನು ಕೂಸಿನ್ನ? ಎರಡ ಚಮಚೆ. ನೀ ಹಿತ್ತಲ ಬಾಗಿಲಾ ಹಾಕಾಕ ಹೋಗಿದ್ದಿ. ಆನಂದ ಕೂಸಿನ್ನ ಎತ್ಗೊಂಡು ನಿಂತಿದ್ದ, ನೋಡ್ಯಾನಲ್ಲ."

ಎಂಟು ತಿಂಗಳು ತನಗೆ ಮುಟ್ಟಗೊಡದ ಮೊಸರು! ಶಿವರಂಜನಿಯ ನೆತ್ತಿಗೇರಿದ ಸಿಟ್ಟು ಅತ್ತೆಯ ಕಡೆಗೆ ಹೊರಟದ್ದು ಆ ಕೊನೆಯ ಮಾತಿಗೆ ತಡೆದು ನಿಂತಿತು. "ತಿನ್ನಿಸಬಾರದು ಅಂತ ಹೇಳ್ಲಿಲ್ಲೇನ್ರಿ ನಿಮ್ಮ ಮಗ?"

"ನಂಗ ಯಾರು ಏನು ಹೇಳ್ತಾರವಾ ಈ ಮನ್ಯಾಗ?"

ಶಿವರಂಜನಿ ಓಡಿದಳು. ಕೂಸನ್ನು ಎತ್ತಿಕೊಂಡು ಒಳಗೆ ಹೊರಟಿದ್ದ ಸಿಸ್ಟರಿನ ತೋಳು ಹಿಡಿದು ಎಳೆದಳು. "ಬ್ಯಾಡ್ರಿ, ಕೊಡ್ರಿ ಇಲ್ಲೆ. ಮೊಸರು ತಿಂದಾನ." ಏಳು ವಾರ ದಿನ ಎಣಿಸಿ ಕಾದ ಆಪರೇಶನ್ನು. ಅದನ್ನು ಆಕೆಯೇ ನಿಲ್ಲಿಸಬೇಕಾಯಿತು. ಡಾಕ್ಟರು ಬಂದು, ಓದಿದವರಾಗಿ ಇಷ್ಟೂ ತಿಳಿಯುವುದಿಲ್ಲವೇ ಎಂದು ಆಕೆಯನ್ನೇ ಬೈದರು. ಇನ್ನೆರಡು ವಾರ ಬಿಟ್ಟು ಬನ್ನಿ ಎಂದರು.

ಬಿಲ್ಲು ಹಿಡಿದು ಬಂದ ಆನಂದನನ್ನು ಆಕೆ ಎಲ್ಲರೆದುರೇ ಕೇಳಿದಳು. "ನೋಡೀರಿ ನೀವು. ನೋಡಿ ಸಿಸ್ಟರ್ ಮುಂದ ಏನೂ ಇಲ್ಲ ಅಂದ್ರಿ."

"ಎರಡ ಚಮಚೆ ರಂಜನಿ, ಅಷ್ಟಕ್ಕ ಏನಾಗ್ತದ ಅಂತ... ಹೇಳಿದ್ರ ನೀವಿಬ್ರೂ ಮತ್ತ ಜಗಳಕ್ಕ ನಿಲ್ತಿದ್ರಿ."

"ಜಗಳ ಆಗಬಾರದು ಅಂತ ಕೂಸಿನ್ನ ಕೊಲ್ಲಾಕ ಹೊಂಟಿದ್ರೇನು?"

ಆನಂದ ಬಿಲ್ಲು ಮಡಿಚಿ ಕಿಸೆಗೆ ಹಾಕಿಕೊಂಡ. ಅಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ. ಎಂಟು ತಿಂಗಳಿಂದ ಅತ್ತೆಯ ಎಣ್ಣೆಯ ಮೇಲೆ, ಓಣಿಯ ಬಾಯಿಯ ಮೇಲೆ, ತನ್ನ ಹಣೆಬರಹದ ಮೇಲೆ ಸಿಟ್ಟು ಮಾಡಿಕೊಂಡು ಸುಸ್ತಾಗಿದ್ದಳು. ಸಿಟ್ಟು ಹೋಗಬೇಕಾದದ್ದು ಈ ಮನುಷ್ಯನ ಕಡೆಗೆ ಎಂದು ಗೊತ್ತೇ ಆಗಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಸೀದಾ ಗೌರಕ್ಕನ ಎದುರು ಕೂತು ಎಲ್ಲ ಹೇಳಿದಳು. ಮಂಪರು ಎಂದರೇನು, ವಾಂತಿಯಾದರೆ ಏನಾಗುತ್ತದೆ, ಎಲ್ಲ. ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಯವ್ವಾ, ನನ್ನ ಕೈಯಾರೆ ಆಗಿಬಿಡ್ತಿತ್ತಲ್ಲ" ಎಂದು ಅತ್ತಳು. ಶಿವರಂಜನಿ ಸಮಾಧಾನ ಮಾಡಲಿಲ್ಲ. ಎಣ್ಣೆಯ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. "ಅದಕ್ಕ ಇನ್ನ ನಿಮಗ ನಾನ ಹೇಳಾಕಿ. ನೀವೂ ನನಗ ಹೇಳ್ರಿ" ಎಂದಳು ಅಷ್ಟೆ.

ಎರಡು ವಾರದ ಮೇಲೆ, ಬೆಳಿಗ್ಗೆ, ಆನಂದ ಕಾರಿನ ಕೀಲಿ ತೆಗೆದುಕೊಂಡ. ಶಿವರಂಜನಿ ಅದನ್ನು ಅವನ ಕೈಯಿಂದ ಕಸಿದು ಬಾಡಿಗೆ ಡ್ರೈವರ್ ಜಟ್ಟಪ್ಪನಿಗೆ ಕೊಟ್ಟಳು. "ನೀವು ಮನ್ಯಾಗ ಇರ್ರಿ. ಅತ್ತಿ, ನೀವು ಬರ್ರಿ."

ಗೌರಕ್ಕ ಮೊಸರಿನ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಕೂಸಿನ ಕಡೆ ನೋಡಲೂ ಇಲ್ಲ. ಒಂದು ಚಮಚೆ ತಾನು ತಿಂದಳು, ಇನ್ನೊಂದು ಸೊಸೆಯ ಬಾಯಿಗೆ ಹಿಡಿದಳು. ಎಂಟು ತಿಂಗಳ ಮೇಲೆ ಬಾಯಿಗೆ ಬಂದ ಮೊಸರನ್ನು ಶಿವರಂಜನಿ ನುಂಗಿದಳು.

ಆಸ್ಪತ್ರೆಯಲ್ಲಿ ಅದೇ ಸಿಸ್ಟರು ಕೇಳಿದಳು. ಈ ಸಲ ಗೌರಕ್ಕನೇ ಮುಂದೆ ಬಂದಳು. "ಐದಕ್ಕ ಅವ್ವನ ಹಾಲು. ಆಮ್ಯಾಲ ಒಂದು ಹನಿ ಇಲ್ಲ. ನಾನ ಕಾದೀನಿ."

ಕೂಸನ್ನು ಒಳಗೆ ಒಯ್ದರು. ಶಿವರಂಜನಿಯ ಫೋನಿಗೆ ಮನೆಯಿಂದ ಆನಂದನ ಕರೆ ಬಂತು. ಆಕೆ ಫೋನನ್ನು ಗೌರಕ್ಕನಿಗೆ ಕೊಟ್ಟಳು. ಗೌರಕ್ಕ ಫೋನು ತಿರುವಿ ನೋಡಿ, ಎತ್ತದೆ, ತನ್ನ ಚೀಲದಲ್ಲಿ ಹಾಕಿಕೊಂಡಳು.

"ಹೊಡ್ಕೊಳ್ಳಲಿ ಬಿಡು" ಎಂದಳು.