ತರ್ಡ್ ಬಾರ್ಟಿ

ಇದು ನಿಜವಾಗಿ ನಡೆದದ್ದು. ನಡೆಯದೆ ನಿಂತದ್ದು ಮುದಕಪ್ಪನ ವ್ಯಾನು ಮಾತ್ರ.

ಮುದಕಪ್ಪ ಗದಗ ಕಡೆಯವ, ಕುವೈತಿನ ಖೈತಾನಿನಲ್ಲಿ ಎ.ಸಿ. ಮೆಕ್ಯಾನಿಕ್. ಇರಾಕಿನ ಸೈನ್ಯವಿದ್ದ ಏಳು ತಿಂಗಳೂ ಊರಿಗೆ ಓಡದೆ, ವ್ಯಾನಿನ ನಾಲ್ಕೂ ಚಕ್ರ ಬಿಚ್ಚಿ ಮಂಚದ ಕೆಳಗಿಟ್ಟು ಕಾದವನು. ಸೈನ್ಯ ಹೋಯಿತು, ಚಕ್ರ ಹೊರಗೆ ಬಂತು. ಎಣ್ಣೆಬಾವಿಗಳ ಹೊಗೆಗೆ ಮಧ್ಯಾಹ್ನವೇ ಕತ್ತಲಾಗಿದ್ದ ಒಂದು ದಿನ, ಕೆಟ್ಟುನಿಂತ ಸಿಗ್ನಲ್ಲಿನಲ್ಲಿ ಕಾರೊಂದು ನುಗ್ಗಿ ಬಂದು ವ್ಯಾನಿನ ಮೂತಿ ಜಜ್ಜಿಹಾಕಿತು. ಆ ಕಾರಿಗೆ ನಂಬರ್ ಪ್ಲೇಟ್ ಇರಬೇಕಾದಲ್ಲಿ ಎರಡು ತೂತುಗಳಿದ್ದವು.

"ಇನ್ಶೂರೆನ್ಸ್ ಮಾಫಿ" ಎಂದು ಕೈ ಕೊಡವಿ, ಓಡಿಸುತ್ತಿದ್ದವನು ನಡೆದೇ ಹೋದ. ಅಲ್ಲಿಯ ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ. ಮುದಕಪ್ಪನಿಗೆ ಕೇಳಿಸಿದ್ದು ಊರಿನ ಮಾಫಿ: ಗುದ್ದಿದವನಿಗೆ ಎಲ್ಲ ಮಾಫಿ.

ದಾಳಿಗೆ ಒಂದು ತಿಂಗಳ ಮೊದಲು ವ್ಯಾನಿಗೆ ಪಾಲಿಸಿ ಮಾಡಿಸುವಾಗ ಈಜಿಪ್ಟಿನ ಗುಮಾಸ್ತ ಹೇಳಿಯೇ ಇದ್ದ, ಇನ್ಶೂರೆನ್ಸ್ ಇಲ್ಲದವನು ಗುದ್ದಿದರೂ ದುಡ್ಡು ಸಿಗುವಂಥದ್ದು ಮಾಡಿಸು ಎಂದು. ಮುದಕಪ್ಪ ಹೊರಗೆ ಬಂದು, ಜೊತೆಗೆ ಬಂದಿದ್ದ ರೂಮಿನ ಸಂಗಾತಿ ನೊರ್ಬರ್ಟನೆದುರು ನಕ್ಕಿದ್ದ. "ಎಲ್ಲಾರೂ ಮಾಡಸಬೇಕಂತ ಕಾನೂನ ಐತಿ. ಇಲ್ಲದಾವ ಎಲ್ಲಿಂದ ಬರ್ತಾನಲೇ?" ಮಾಡಿಸಿದ್ದು ಬರಿಯ ತರ್ಡ್ ಪಾರ್ಟಿ. ತಾನು ಗುದ್ದಿದರೆ ಮಾತ್ರ ಎದುರಿನವನಿಗೆ ಸಿಗುವಂಥದ್ದು.

"ಶನಿವಾರದೊಳಗೆ ವ್ಯಾನು ಓಡಬೇಕು, ಇಲ್ಲವಾದರೆ ಊರಿಗೆ ಟಿಕೆಟ್" ಎಂದಿದ್ದ ಕಫೀಲ್, ಅವನಿಗೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಯಜಮಾನ. ಆಸೆ ಬಿಡದೆ ಮುದಕಪ್ಪ ಇನ್ಶೂರೆನ್ಸ್ ಆಫೀಸಿಗೆ ಒಂದು ಕ್ಲೇಮ್ ಅರ್ಜಿ ಕೊಟ್ಟು ಬಂದ, ಊಟ ಬಿಟ್ಟ.

ಶನಿವಾರ ಬೆಳಿಗ್ಗೆ ರೂಮಿನ ಫೋನು ಬಡಿಯಿತು. "ಮಿಸ್ಟರ್ ಮುದಕಬ್ಬಾ? ಯುವರ್ ಬಾಲಿಸಿ ವೆರಿ ಗುಡ್ ಬಾಲಿಸಿ. ಕ್ಲೇಮ್ ಬಾಸ್! ಯಲ್ಲಾ, ಕಮ್!" 'ಪ' ಬಾರದ ಗುಮಾಸ್ತನ ಅದೇ ಗಡಸು ದನಿ. ಮುದಕಪ್ಪ ಫೋನಿಟ್ಟವನೇ ಕಫೀಲನಿಗೆ ಫೋನು ತಿರುಗಿಸಿ, ವ್ಯಾನು ಬಂದೇ ಬರುತ್ತದೆ ಎಂದು ಮಾತು ಕೊಟ್ಟ. ಇಸ್ತ್ರಿ ಅಂಗಿ ತೊಟ್ಟು ಫರ್ವಾನಿಯಾದ ಆಫೀಸಿಗೆ ಓಡಿದ.

ಗುಮಾಸ್ತ ಕಾಗದ ತಿರುವಿದ. "ನೋ ಬಾಸ್. ಓನ್ಲಿ ತರ್ಡ್ ಬಾರ್ಟಿ."

"ಯೂ ಫೋನ್! ಯೂ ಸೇ ಪಾಸ್!" ಮುದಕಪ್ಪ ಮೇಜಿನ ಮೇಲಿನ ಫೋನಿನತ್ತ ಬೆರಳು ಮಾಡಿದ.

"ಮೀ?"

ಅಷ್ಟರಲ್ಲಿ ಏದುಸಿರು ಬಿಡುತ್ತ ನೊರ್ಬರ್ಟ್ ಬಂದ. "ಅದು ನಾನು ಮಾರಾಯ್ರೆ! ಕೆಳಗಿನ ಅಂಗಡಿಯಿಂದ ಮಾಡಿದ್ದು. ಎರಡು ದಿನ ಆಯ್ತು ನೀವು ಊಟ ಮಾಡದೆ, ಒಂಚೂರು ನಗಾಡ್ಲಿ ಅಂತ... ಮೇಲೆ ಬಂದು ನೋಡಿದ್ರೆ ನೀವೇ ಇಲ್ಲ!"

ನೊರ್ಬರ್ಟ್ ಹರಕು ಅರಬ್ಬಿಯಲ್ಲಿ ಹೇಳಿದ ಮೇಲೆ ಗುಮಾಸ್ತನಿಗೂ ಸಂಗತಿ ತಿಳಿಯಿತು. "ಮೈ ವಾಯ್ಸ್? ಡೂ, ಡೂ!" ಎಂದು ಹಟ ಹಿಡಿದ.

ನೊರ್ಬರ್ಟ್ ತಲೆ ತಗ್ಗಿಸಿಕೊಂಡೇ ಮಾಡಿದ. "ಕ್ಲೇಮ್ ಬಾಸ್..."

ಗುಮಾಸ್ತ ಮೇಜು ಗುದ್ದಿ ನಕ್ಕ. ಪಕ್ಕದ ಮೇಜಿನವರು ನಕ್ಕರು, ಸಾಲಿನಲ್ಲಿ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ಮುದಕಪ್ಪ ನಕ್ಕ. ಹೊಟ್ಟೆ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಉಳಿದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಗುಮಾಸ್ತ ಮೆಲ್ಲಗೆ ಕಾಗದವನ್ನು ಹಿಂದಕ್ಕೆ ಸರಿಸಿ, ತನ್ನ ನೀರಿನ ಲೋಟವನ್ನೂ ಅದರ ಪಕ್ಕಕ್ಕಿಟ್ಟ.

"ಸಾಕು ಅಣ್ಣಾ," ನೊರ್ಬರ್ಟ್ ಅವನ ಭುಜ ಹಿಡಿದ. "ಸಾಕು, ದಮ್ಮಯ್ಯ."

"ಲೇ ನೊರ್ಬರ್ಟಾ," ನಗುವಿನ ನಡುವೆಯೇ ಮುದಕಪ್ಪ ಅಂದ, "ನಮ್ಮ ಕಫೀಲಗೂ ಒಂದಸಲ ಇದನ್ನ ಮಾಡಿ ತೋರಸಪಾ. ಅವನೂ ನಗಲಿ."

ಮತ್ತೆ ನಕ್ಕ. ಆಫೀಸಿನಲ್ಲಿ ಆಗ ನಗುತ್ತಿದ್ದವನು ಅವನೊಬ್ಬನೇ.