ನೊಂದ ಬೆನ್ನಿನ ದೂರುಗಳು

ಅವಳಿಗೆ ನಲವತ್ತೊಂದು. ಅಷ್ಟರೊಳಗೆ ಲಿಫ್ಟುಗಳಿಗೆ ದನಿ ಕೊಟ್ಟಿದ್ದಳು, ಹೆಂಗಸರಿಗೆ ಈಜು ಕಲಿಸಿದ್ದಳು, ಒಂದು ವಾರಪತ್ರಿಕೆಗೆ ರಾಶಿಭವಿಷ್ಯ ಬರೆದಿದ್ದಳು. ಆ ಕೆಲಸ ಹೋದದ್ದು ಸಂಪಾದಕರ ರಾಶಿಗೆ ಮೂರು ವಾರ ಬಿಡದೆ "ಬಾಯಿಗೆ ಬೀಗ ಹಾಕಿಕೊಂಡರೆ ಒಳ್ಳೆಯದು" ಎಂದು ಬರೆದದ್ದಕ್ಕೆ. ಈಗ ಯಾರ ಹಂಗೂ ಇಲ್ಲದ ಸೋಷಿಯಲ್ ಮೀಡಿಯಾ ಸಲಹೆಗಾರ್ತಿ. ಮಹಡಿಯ ಮೇಲೆ ಒಂಟಿ ಕೋಣೆ, ಕಿಟಕಿಯಾಚೆ ಜೇನುಪೆಟ್ಟಿಗೆ, ಮೇಜಿನ ಮೇಲೆ ಬಿಚ್ಚಿಹಾಕಿದ ಹಳೆಯ ಟೈಪ್‌ರೈಟರ್, ಅದರ ಸ್ಪ್ರಿಂಗುಗಳ ನಡುವೆ ಮೂರು ಫೋನು. ಗಿರಾಕಿಗಳಿಗೆ ಉತ್ತರ ಬರೆಯುವಾಗ ಒಂದರಲ್ಲಿ ಅವಳು ಹಲ್ಲಿನ ಡಾಕ್ಟರು, ಇನ್ನೊಂದರಲ್ಲಿ ಬೀಗದ ಅಂಗಡಿ, ಮೂರನೆಯದರಲ್ಲಿ ಹಾಸಿಗೆ ಅಂಗಡಿ.

ಕೆಳಗಿನ ಮನೆಯಲ್ಲಿ ಅಕ್ಕನ ಸಂಸಾರ, ಜೊತೆಗೆ ಅಮ್ಮ. ಕಿರಿಯವಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅಮ್ಮ "ಫೋನು ಉಜ್ತಾಳೆ" ಎನ್ನುತ್ತಿದ್ದಳು, ಪಾತ್ರೆ ಉಜ್ಜುವುದಾದರೂ ಮೇಲು ಎನ್ನುವ ದನಿಯಲ್ಲಿ.

ಹಾಸಿಗೆ ಅಂಗಡಿಯ ಪುಟಕ್ಕೆ "ನೊಂದ ಬೆನ್ನು" ಎಂಬ ಹೆಸರಿನಲ್ಲಿ ದಿನಾ ಬೆಳಗ್ಗೆ ಆರಕ್ಕೇ ಒಂದು ದೂರು ಬಂದು ಬೀಳುತ್ತಿತ್ತು. ಫೋಟೋ ಜಾಗದಲ್ಲಿ ಗುಲಾಬಿ ಹೂ. "ಇದು ಹಾಸಿಗೆಯೋ, ಇಟ್ಟಿಗೆ ಗುಡ್ಡೆಯೋ?" "ವಯಸ್ಸಾದ ಹೆಂಗಸಿಗೆ ಹೀಗಾ ಮೋಸ ಮಾಡೋದು? ಮಾರಿದವನ ಸೊಂಟ ಮುರಿದುಹೋಗ!" ಅಂಗಡಿಯ ಮಾಲೀಕ, ಇಡೀ ಬೀದಿ ಗುಡುಗಪ್ಪ ಎಂದು ಕರೆಯುವ ಮನುಷ್ಯ, "ಅಳಿಸಿ ಬಿಸಾಕಿ" ಎಂದಿದ್ದ. ಇಷ್ಟು ಚೆನ್ನಾಗಿ ಬೈಯುವವರನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಈಜು ಕಲಿಸುವಾಗ ಬೆನ್ನಿನ ಬಗ್ಗೆ ತಿಳಿದದ್ದನ್ನೆಲ್ಲ ಸೇರಿಸಿ ಉತ್ತರ ಬರೆದಳು: "ಅಮ್ಮಾ, ನೋವಾದದ್ದಕ್ಕೆ ಕ್ಷಮಿಸಿ. ಮಲಗುವಾಗ ಮೊಣಕಾಲ ಕೆಳಗೆ ಟವೆಲ್ ಸುತ್ತಿ ಇಟ್ಟುಕೊಳ್ಳಿ."

ಐದನೆಯ ವಾರ, ಭಾನುವಾರದ ಊಟಕ್ಕೆ ಕೆಳಗಿಳಿದಾಗ ಅಮ್ಮ ಫೋನು ಹಿಡಿದು ಎಲ್ಲರಿಗೂ ಓದಿ ಹೇಳುತ್ತಿದ್ದಳು.

"ಕೇಳ್ರೇ, ಹೇಗೆ ಬರೆದಿದಾನೆ ಆ ಅಂಗಡಿ ಹುಡುಗ. 'ಅಮ್ಮಾ, ನಿಮ್ಮ ಬೆನ್ನು ನಮ್ಮ ಜವಾಬ್ದಾರಿ.' ಹೆತ್ತ ಮಕ್ಕಳಿಗಿಲ್ಲ ಈ ಬುದ್ಧಿ. ಟವೆಲ್ ಇಡಿ ಅಂದ, ಇಟ್ಟೆ, ಅರ್ಧ ನೋವು ಇಳೀತು."

ಕಿರಿಯವಳಿಗೆ ತುತ್ತು ನೆತ್ತಿಗೆ ಹತ್ತಿತು. ಅಮ್ಮನ ಹಾಸಿಗೆ ಅಕ್ಕ ತಂದುಕೊಟ್ಟದ್ದು. ಯಾವ ಅಂಗಡಿಯದೆಂದು ಇವಳು ಕೇಳಿಯೇ ಇರಲಿಲ್ಲ.

"ಟವೆಲ್ ಇಡು ಅಂತ ನಾನು ಹತ್ತು ವರ್ಷದಿಂದ ಬಡ್ಕೋತಿದೀನಲ್ಲಮ್ಮ!"

"ನೀನು ಬಡ್ಕೋತೀಯ. ಅವನು ಹೇಳ್ತಾನೆ."

ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಾರನೆಯ ದಿನದಿಂದ ಅಂಗಡಿಯ ಸಲಹೆಗಳ ಧಾಟಿಯೇ ಬದಲಾಯಿತು. "ಅಮ್ಮಾ, ಡಾಕ್ಟರು ಕೊಟ್ಟ ಮಾತ್ರೆಯನ್ನು ಹೂಕುಂಡಕ್ಕೆ ಹಾಕಬೇಡಿ." "ಮಕ್ಕಳಿಗೆ ಬೈಯುವಾಗ ಸೊಂಟದ ನರ ಬಿಗಿಯುತ್ತದೆ, ಅದರಲ್ಲೂ ಕಿರಿಯ ಮಕ್ಕಳಿಗೆ." ಅಮ್ಮ ನಾಲ್ಕು ದಿನ ಯಾರಿಗೂ ಬೈಯಲಿಲ್ಲ. ಅಕ್ಕ ಗಾಬರಿಯಾಗಿ ಹಣೆ ಮುಟ್ಟಿ ಜ್ವರ ನೋಡಿದಳು.

ಐದನೆಯ ದಿನ ಅಮ್ಮ ತಲೆ ಬಾಚಿಕೊಂಡು, ಹೊಸ ಚಪ್ಪಲಿ ಮೆಟ್ಟಿ, ಏದುಸಿರು ಬಿಡುತ್ತ ಮಹಡಿ ಹತ್ತಿದಳು.

"ಏಳು, ಆ ಹಾಸಿಗೆ ಹುಡುಗನ್ನ ನೋಡ್ಕೊಂಡು ಬರೋಣ. ಮದುವೆ ಆಗಿಲ್ಲ ಅಂದ್ರೆ ನಿನಗೆ ಕೇಳ್ತೀನಿ. ನಿನ್ನಂಥವಳನ್ನ ತಡ್ಕೊಳ್ಳೋಕೆ ಅಂಥ ತಾಳ್ಮೇನೇ ಬೇಕು."

ಹೊಟ್ಟೆನೋವು, ತಲೆನೋವು, ಜೇನುಹುಳ ಕಚ್ಚಿದ್ದು, ಯಾವ ನೆಪವೂ ನಡೆಯಲಿಲ್ಲ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದ್ದ ಹಾಸಿಗೆಗಳು ಗೋಡೆಗೆ ಒರಗಿ ನಿಂತಿದ್ದವು; ನಾಲ್ಕು ಮಾತ್ರ ನೆಲದ ಮೇಲೆ, ಮಲಗಿ ನೋಡುವವರಿಗಾಗಿ. ಗುಡುಗಪ್ಪ ಟೇಪು ಹಿಡಿದು ಏನನ್ನೋ ಅಳೆಯುತ್ತಿದ್ದ. ಅರವತ್ತು ದಾಟಿದ ವಯಸ್ಸು, ಪೊರಕೆಯಂಥ ಮೀಸೆ.

"ನನಗೆ ಅಮ್ಮಾ ಅಂತ ಬರೆಯೋರು ನೀವೇನಾ?" ಅಮ್ಮನ ದನಿಯಲ್ಲಿ ಆಗಲೇ ಅನುಮಾನ.

"ನಾನು ಯಾರಿಗೂ ಅಮ್ಮಾ ಅಂದಿಲ್ಲ. ನಮ್ಮಮ್ಮನಿಗೇ ಏಯ್ ಅಂತಿದ್ದೆ. ಅದೆಲ್ಲ ಬರೆಯೋದು ಇಗೋ, ನಿಮ್ಮ ಪಕ್ಕದಲ್ಲೇ ನಿಂತಿದಾರಲ್ಲ, ಈ ಮೇಡಮ್ಮು."

ಅಮ್ಮ ತಿರುಗಿ ಮಗಳನ್ನು ನೋಡಿದಳು. ಚಪ್ಪಲಿ ಕಳಚಿ ಹತ್ತಿರದ ಹಾಸಿಗೆಯ ಮೇಲೆ ಮಲಗಿಬಿಟ್ಟಳು. ಪಕ್ಕದ ಹಾಸಿಗೆಯಲ್ಲಿ ಮಗಳೂ ಅಡ್ಡಾದಳು. ಇಬ್ಬರೂ ಮೇಲೆ ತಿರುಗುವ ಫ್ಯಾನು ನೋಡಿದರು.

"ಇಷ್ಟು ವಾರ ನನ್ನ ಬೈಗುಳ ತಿಂದವಳು ನೀನಾ?"

"ಬರೀ ವಾರಗಳಾ ಅಮ್ಮ?"

ಅಮ್ಮನ ಹೊಟ್ಟೆ ಕುಲುಕಿತು. ನಗುವೋ ಅಳುವೋ ತಿಳಿಯಲಿಲ್ಲ. "ಅಷ್ಟು ಮೆತ್ತಗೆ ಮಾತಾಡೋಕೆ ಬರುತ್ತಾ ನಿನಗೆ? ಮನೇಲಿ ಏನು ರೋಗ?"

"ಮನೇಲಿ ನಾನು ಬಾಯಿ ತೆಗೆಯೋ ಮುಂಚೆ ನಿನ್ನ ಉತ್ತರ ಬಂದಿರುತ್ತೆ. ಫೋನಲ್ಲಾದ್ರೆ ನಾನು ಬರೆದು ಮುಗಿಸೋತನಕ ನೀನು ಕಾಯ್ಲೇಬೇಕು."

ಅಮ್ಮ ಬಾಯಿ ತೆರೆದಳು, ತೆರೆದದ್ದನ್ನು ಮುಚ್ಚಿಕೊಂಡಳು. ಮಗಳು ಇನ್ನೇನಾದರೂ ಹೇಳಲಿ ಎಂದು ಕಾದಳು. ಇಂಥ ಅವಕಾಶ ಹಿಂದೆಂದೂ ಸಿಕ್ಕಿರದ ಮಗಳಿಗೆ ಒಂದು ಮಾತೂ ಹೊಳೆಯಲಿಲ್ಲ.

"ಇದು ಅಂಗಡಿ ಕಣ್ರೀ, ಧರ್ಮಛತ್ರ ಅಲ್ಲ. ಏಳಿ ಇಬ್ಬರೂ!" ಎಂದ ಗುಡುಗಪ್ಪ.

"ಸುಮ್ನಿರಯ್ಯ," ಎಂದಳು ಅಮ್ಮ ಮಲಗಿದ್ದಲ್ಲೇ. "ಮೊದಲು ಆ ದರಿದ್ರ ಹಾಸಿಗೆ ವಾಪಸ್ ತಗೊಂಡು ಇದನ್ನ ಮನೆಗೆ ಕಳಿಸು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಪುಟದಲ್ಲಿ ಇವಳು ನಾನು ಹೇಳಿದ್ದನ್ನೇ ಬರೀತಾಳೆ."

ಸಂಜೆಯೊಳಗೆ ಹಾಸಿಗೆ ಬದಲಾಯಿತು.

ಎರಡು ದಿನ ನೊಂದ ಬೆನ್ನಿನ ಸುದ್ದಿಯೇ ಇಲ್ಲ. ಮೂರನೆಯ ಬೆಳಗ್ಗೆ ಫೋನು ಕುಂಯ್‌ಗುಟ್ಟಿತು: "ಹಾಸಿಗೆ ಪರವಾಗಿಲ್ಲ. ಬರೆಯುವವರು ತಿಂಡಿ ತಿಂದರಾ?"

ಅಂಗಡಿಯ ಪರವಾಗಿ ಉತ್ತರಿಸಬೇಕೋ, ತನ್ನ ಪರವಾಗಿಯೋ ತಿಳಿಯದೆ ಅವಳು ಫೋನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

"ಇಲ್ಲಮ್ಮ, ತಿಂದಿಲ್ಲ."

"ಹಾಗಾದ್ರೆ ಏನಾದ್ರೂ ಮಾಡು, ನನಗೂ ಸೇರಿಸಿ," ಎಂದಳು ಅಮ್ಮ, ಮಗ್ಗುಲು ಬದಲಿಸುತ್ತ. "ಇದರ ಮೇಲಿಂದ ಏಳೋಕೇ ಮನಸ್ಸಾಗ್ತಿಲ್ಲ."