ನಾಲ್ಕು ಊರುಗಳ ಬಟ್ಟೆ ಹೊತ್ತವಳು

ನಾನು ಒಂದು ಸೂಟ್‌ಕೇಸ್. ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ಹಸನ್‌ಸಾಬರು ನನ್ನನ್ನು ಹೊಲಿದರು. ಕಂದು ಚರ್ಮ, ಹಿತ್ತಾಳೆಯ ಎರಡು ಚಿಲಕ, ಒಳಗೆ ಬೂದು ಬಣ್ಣದ ಅಸ್ತರು. ಅಂಗಡಿಯಲ್ಲಿ ಒಂದು ವಾರವೂ ಕೂರಲಿಲ್ಲ. ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿ ಮಾರಾಟದ ಕೆಲಸಕ್ಕಿದ್ದ ಈರಣ್ಣ ಮುಳಗುಂದ ನನ್ನನ್ನು ಮನೆಗೆ ಒಯ್ದರು.

ನನ್ನನ್ನು ತುಂಬುತ್ತಿದ್ದವಳು ಮಾತ್ರ ಅವರ ಹೆಂಡತಿ ನೀಲಮ್ಮ. ಅವಳು ರೈಲು ಹತ್ತಿದ್ದು ಎರಡೋ ಮೂರೋ ಸಲ. ಆದರೂ ಯಾವ ಊರಲ್ಲಿ ಬೆವರು, ಯಾವ ಊರಲ್ಲಿ ನಡುಕ ಎಂಬುದು ಅವಳಿಗೆ ಬಾಯಿಪಾಠ. ಕೊನೆಯ ಊರಿನ ಬಟ್ಟೆ ತಳಕ್ಕೆ, ಮೊದಲ ಊರಿನದು ಮೇಲಕ್ಕೆ. ಶಿಮ್ಲಾಕ್ಕೆ ಉಣ್ಣೆಯ ಕೋಟು, ಸುಕ್ಕಾಗದಂತೆ ತೋಳಿನೊಳಗೆ ಹಳೆಯ ಪೇಪರು. ಅದರ ಮೇಲೆ ದೆಹಲಿಯ ಪ್ಯಾಂಟು. ಆಮೇಲೆ ಮುಂಬೈ. ಎಲ್ಲಕ್ಕೂ ಮೇಲೆ ಮದ್ರಾಸಿನ ತೆಳು ಹತ್ತಿಯ ಅಂಗಿಗಳು. ಈರಣ್ಣ ಊರೂರಲ್ಲಿ ಮುಚ್ಚಳ ತೆಗೆದು ಮೇಲಿನದನ್ನು ಹಾಕಿಕೊಂಡರೆ ಸಾಕಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು.

ಹನ್ನೆರಡನೆಯ ವರ್ಷದ ಮಾರ್ಚಿನಲ್ಲಿ ಅವಳು ಅರ್ಧ ತುಂಬಿ ನಿಂತಳು. ಎರಡೂ ಕೈಗಳಿಂದ ನನ್ನ ಅಂಚನ್ನು ಹಿಡಿದುಕೊಂಡಳು. ಉಸಿರು ಸಿಗುತ್ತಿರಲಿಲ್ಲ. ಎಡತೋಳನ್ನು ಎದೆಗೆ ಒತ್ತಿಕೊಂಡು ಮಂಚದ ಮೇಲೆ ಕೂತಳು. ಹೊರಗೆ ಗಂಡನ ಹೆಜ್ಜೆ ಕೇಳಿದ್ದೇ ತಡ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಯಾಕ, ಮಾರಿ ಸಪ್ಪಗಾಗೇತಲ್ಲ?" ಎಂದು ಈರಣ್ಣ ಕೇಳಿದರು. "ಹೋಗೂದು ಬ್ಯಾಡ ಅಂದ್ರ ಬಿಡ್ತೀನಿ."

"ಬಿಸಲಿಗೆ ಹಂಗ ಆಗೇತ್ರಿ. ನೀವು ಹೋಗಿ ಬರ್ರಿ."

ಅವರು ಹೋದರು. ಶಿಮ್ಲಾದ ಲಾಡ್ಜಿನಲ್ಲಿ ಕೋಟು ತೊಟ್ಟು ಹೊರಡುವಾಗ ಫೋನು ಬಂತು. ಅವರು "ಯಾವಾಗ?" ಎಂದು ಮಾತ್ರ ಕೇಳಿದರು. ಮೂರು ದಿನದ ರೈಲಿನಲ್ಲಿ ನನ್ನನ್ನು ಒಮ್ಮೆಯೂ ತೆರೆಯಲಿಲ್ಲ. ಹುಬ್ಬಳ್ಳಿಯ ಸುಡುವ ಮಧ್ಯಾಹ್ನದಲ್ಲಿ ಉಣ್ಣೆಯ ಕೋಟಿನಲ್ಲೇ ಮನೆಯ ಮುಂದೆ ಇಳಿದರು. ನೀಲಮ್ಮನಿಗೆ ಮಣ್ಣು ಕೊಟ್ಟು ಎರಡು ದಿನವಾಗಿತ್ತು.

"ಆ ಕೋಟರೆ ತಗೀರಿ ಈರಣ್ಣಾರ," ಎಂದರು ಪಕ್ಕದ ಮನೆಯವರು. ಈರಣ್ಣನವರಿಗೆ ಅದು ಕೇಳಿಸಲಿಲ್ಲ.

ಬಾಗಿಲಲ್ಲಿ ಮಗಳು ಸುನಂದಾ ನಿಂತಿದ್ದಳು. ಅವಳಿಗಾಗ ಇಪ್ಪತ್ತು. "ಅವ್ವಗ ತಿಂಗಳಿಂದ ಎದಿನೋವು ಇತ್ತಂತ. ಬಾಜೂ ಮನಿಯಾಕಿ ಮುಂದ ಹೇಳ್ಯಾಳ. ನಿಮಗ ಕಾಣಲಿಲ್ಲೇನಪ್ಪಾ? ಅಂಗಿ ಸುಕ್ಕಾದ್ರ ಕಾಣತಿತ್ತಲ್ಲ?"

ಈರಣ್ಣ ನನ್ನನ್ನು ಎತ್ತಿಕೊಂಡು ಒಳಗೆ ನಡೆದರು. ತಾವು ಅಂದು ಕೇಳಿದ್ದು, ನೀಲಮ್ಮ ಮುಚ್ಚಿಟ್ಟದ್ದು, ಯಾವುದನ್ನೂ ಹೇಳಲಿಲ್ಲ. ಆ ದಿನ ಅವರಿಬ್ಬರ ಜೊತೆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ. ನನಗೆ ಬಾಯಿಲ್ಲ.

ಆಮೇಲೆ ಅವರೇ ತುಂಬತೊಡಗಿದರು. ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದರು. ಮದ್ರಾಸಿನ ಮೀಟಿಂಗಿನಲ್ಲಿ ಉಣ್ಣೆಯ ಪ್ಯಾಂಟು ಹಾಕಿ ನಿಂತು, ಬೆವರಿನಲ್ಲಿ ತೊಯ್ದು, ಮಾತು ಮರೆತರು. ಡಿಸೆಂಬರಿನ ದೆಹಲಿಯಲ್ಲಿ ತೆಳು ಅಂಗಿ ತೊಟ್ಟು ಜ್ವರ ಹಿಡಿಸಿಕೊಂಡರು. ಕಂಪನಿಯವರು ತಿರುಗಾಟ ಬಿಡಿಸಿ ಗೋದಾಮಿನಲ್ಲಿ ಕೂರಿಸಿದರು. ಮಂಚದ ಕೆಳಗೆ ನನಗೆ ಬೂಷ್ಟು ಹಿಡಿಯಿತು. ಅಪ್ಪ ಮಗಳು ಎದುರುಬದುರು ಊಟಕ್ಕೆ ಕೂರುತ್ತಿದ್ದರು. ಬಡಿಸಲೇ, ಸಾಕು, ಇಷ್ಟೇ ಮಾತು.

ಸುನಂದಾ ಮದುವೆಯಾಗಿ ಎರಡು ಓಣಿ ಆಚೆ ಹೋದಳು. ಹೋಗುವ ಮುನ್ನ ನನ್ನನ್ನು ಇಸ್ತ್ರಿ ಅಂಗಡಿಯ ಮಾದೇವಿಗೆ ಕೊಟ್ಟಳು. ಮಾದೇವಿ ನನ್ನ ಮುಚ್ಚಳ ಕಿತ್ತು, ಇಸ್ತ್ರಿಯಾದ ಬಟ್ಟೆಗಳನ್ನು ನನ್ನಲ್ಲಿ ಜೋಡಿಸಿಡುತ್ತಾಳೆ. ಎಲ್ಲವೂ ಸುತ್ತಲಿನ ನಾಲ್ಕಾರು ಓಣಿಗಳವು. ಸಂಜೆಯ ಹೊತ್ತಿಗೆ ನಾನು ಖಾಲಿ.

ಕಳೆದ ತಿಂಗಳು ಸುನಂದಾ ಬಟ್ಟೆ ಒಯ್ಯಲು ಬಂದವಳು ಹೋಗದೆ ನಿಂತಳು. ಈಗ ಅವಳ ಕೂದಲೂ ನೆರೆತಿದೆ.

"ಮಾದೇವಕ್ಕಾ, ನಮ್ಮಪ್ಪಗ ಒಮ್ಮಿ ಒಂದ್ ಮಾತ ಅಂದಿದ್ದೆ. ಅನ್ನಬಾರದಿತ್ತು."

ಮಾದೇವಿ ಇಸ್ತ್ರಿಯಿಂದ ತಲೆ ಎತ್ತಲಿಲ್ಲ. "ಹೋಗಿ ಹೇಳ್ರಿ ಮತ್ತ. ಅಪ್ಪ ಅಲ್ಲೇನ್ರಿ."

"ಅಪ್ಪ ತೀರಿಹೋಗಿ ಎಂಟ್ ದಿನ ಆತು, ಅಕ್ಕಾ."

ಮಾದೇವಿಯ ಕೈ ನಿಂತಿತು. ಸುನಂದಾ ನನ್ನೊಳಗಿಂದ ತನ್ನ ಎರಡು ಸೀರೆಗಳನ್ನು ಎತ್ತಿ ಎದೆಗವಚಿಕೊಂಡು ಮನೆಯ ಕಡೆ ನಡೆದಳು.